ಕೆಂಚಯ್ಯನ ಮನೆಯವರು

ಅರಸೀಕೆರೆ–ಬೇಲೂರು ಬಸ್ಸಿನಲ್ಲಿ ನಾನು ಕಂಡಕ್ಟರ್. ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವರೂ ಎದ್ದು ಕೂರುವಂಥ ಗಂಟಲು ನನ್ನದು. ಆದರೆ ನಮ್ಮವ್ವ ಹೊನ್ನಮ್ಮನ ಗಂಟಲು ಎಂಥದೆಂದು ಗೊತ್ತಾಗಿದ್ದು ಹೋದ ಕಾರ್ತಿಕದಲ್ಲಿ.

ಹಳೇಬೀಡಿನ ಹತ್ತಿರದ ನಮ್ಮೂರ ಮಲ್ಲೇಶ್ವರನಿಗೆ ಒಂದು ಕಥೆಯಿದೆ. ನಮ್ಮ ವಂಶದ ಹಿರೀಕ ಕೆಂಚಯ್ಯ ತಾನೇ ನೀರು ಹೊತ್ತು ಬೆಳೆಸಿದ ತೆಂಗಿನ ಮೊದಲ ಕಾಯಿ ಹಿಡಿದು ಗುಡಿಗೆ ಹೋದನಂತೆ. ಕೇರಿಯವನಿಗೆ ಇಲ್ಲೇನು ಕೆಲಸ ಎಂದು ಆಚೆಗೆ ದಬ್ಬಿದರಂತೆ. ದೇವರಿಗೆ ಕೆಂಡದಂಥ ಸಿಟ್ಟು ಬಂದು ಗರ್ಭಗುಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡನಂತೆ. ಕೆಂಚಯ್ಯನನ್ನು ಕರೆಯುವ ತನಕ ತೆಗೆಯುವುದಿಲ್ಲ ಅಂದನಂತೆ.

ಊರಿನವರು ಬಲು ಜಾಣರು. ಕರೆಯಿರಿ ಅಂದ ದೇವರು ಒಳಗೆ ಬಿಡಿ ಅನ್ನಲಿಲ್ಲವಲ್ಲ! ಕಾರ್ತಿಕದ ಕೊನೆಯ ಸೋಮವಾರ ಅರ್ಚಕ ಮರುಳಪ್ಪನವರು ಮುಚ್ಚಿದ ಬಾಗಿಲ ಮುಂದೆ ನಿಂತು ಮೂರು ಸಲ ಕೂಗುತ್ತಾರೆ: “ಕೆಂಚಯ್ಯನ ಮನೆಯವರು ಬಂದಿದ್ದಾರಾ?” ಆಮೇಲೆ ತಾವೇ “ಯಾರೂ ಬಂದಿಲ್ಲ” ಅನ್ನುತ್ತಾರೆ. ಕೊಬ್ಬರಿ ವ್ಯಾಪಾರಿ ಸಿದ್ದಬಸಪ್ಪನವರು ಕೆಂಚಯ್ಯನ ಹೆಸರಿನಲ್ಲಿ ಕಾಯಿ ಒಡೆಯುತ್ತಾರೆ, ಬಾಗಿಲು ತೆರೆಯುತ್ತದೆ, ಎಲ್ಲರೂ ಪ್ರಸಾದ ತಿನ್ನುತ್ತಾರೆ. ನಾವು ಮಾತ್ರ ಕಾಂಪೌಂಡಿನ ಆಚೆ.

ಮೈಕು ಬಂದ ಮೇಲೆ ಆ ಕೂಗು ನಮ್ಮ ಕೇರಿಗೂ ಕೇಳತೊಡಗಿತು. ಪ್ರತಿ ವರ್ಷವೂ ಅವ್ವ ಒಲೆಯ ಮುಂದೆ ಕೂತೇ ಮೆಲ್ಲಗೆ “ಓ” ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಹೋದ ವರ್ಷ ಮಾತ್ರ ಬೆಳಿಗ್ಗೆಯೇ ತಲೆ ಬಾಚಿಕೊಂಡು ತಯಾರಾದಳು.

“ಇಲ್ಲಿ ಕುಂತ್ಕಂಡು ಓಗೊಟ್ರೆ ಯಾರ್ಗೆ ಕೇಳ್ತೈತೆ? ನಡಿಯೇ ಮಂಜುಳಾ. ನಾನಿರೋದ್ರೊಳ್ಗೆ ನಮ್ ಕಾಯಿ ನಾವೇ ಒಡೀಬೇಕು.”

ರಜೆ ಹಾಕಿ ಹೊರಟೆ. ಗೇಟಿನಲ್ಲಿ ಯಾರೋ “ಅಲ್ಲೇ ನಿಂತ್ಕಳಿ” ಅಂದರು. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಜನ ಸರಿದು ದಾರಿ ಬಿಟ್ಟರು. ಮರ್ಯಾದೆಗಲ್ಲ, ಮೈ ತಾಕೀತು ಅಂತ. ಹೇಗಾದರೇನು, ದಾರಿಯಂತೂ ಸಿಕ್ಕಿತು.

ಮೊದಲ ಕೂಗಿಗೆ ಅವ್ವನ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಎರಡನೆಯದಕ್ಕೂ ಅಷ್ಟೇ. ನಾನೇ ಬಾಯಿ ತೆರೆಯಹೋದರೆ ತೋಳು ಚಿವುಟಿದಳು. ಮೂರನೆಯ ಕೂಗು ಮುಗಿಯುತ್ತಿದ್ದಂತೆ ಗುಡಿ ನಡುಗುವ ಹಾಗೆ ಅಂದಳು: “ಓ! ಬಂದಿವ್ನಿ ಕಣಪ್ಪಾ!”

ಸಿದ್ದಬಸಪ್ಪನವರು ಕೈಯಲ್ಲಿ ಕಾಯಿ ಹಿಡಿದೇ ನಕ್ಕರು. “ಹೊನ್ನಮ್ಮ, ಇದು ಕರೆಯೋ ಶಾಸ್ತ್ರ ಕಣಮ್ಮ, ಬರೋ ಶಾಸ್ತ್ರ ಅಲ್ಲ.” ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಅರ್ಚಕರ ಕಡೆ ತಿರುಗಿ, “ಹೊತ್ತಾಯ್ತು ಸ್ವಾಮಿ, ಯಾರೂ ಬಂದಿಲ್ಲ ಅಂದ್ಬಿಡಿ” ಅಂದರು.

“ಹೇಳಿ ಅಯ್ನೋರೆ,” ಅಂದಳು ಅವ್ವ. “ನನ್ ಮುಖ ನೋಡ್ಕಂಡು ಹೇಳಿ.”

ಮರುಳಪ್ಪನವರು “ಯಾರೂ...” ಅಂದರು. ಅವ್ವನನ್ನು ನೋಡಿದರು. ಮೈಕು ಕೆಳಗಿಟ್ಟರು.

“ಆಗಲ್ಲ ಸಿದ್ದಬಸಪ್ಪನೋರೆ. ಇಷ್ಟ್ ವರ್ಷ ಬಂದಿರ್ಲಿಲ್ಲ, ಬಂದಿಲ್ಲ ಅಂದೆ. ಈಗ ಎದುರಿಗೇ ನಿಂತಿದಾರೆ. ದೇವರ ಬಾಗ್ಲಲ್ಲಿ ಸುಳ್ಳು ಹೇಳು ಅಂತೀರಾ?”

ಬಂದಿರಲಿಲ್ಲ ಅಲ್ಲ, ಬರಗೊಟ್ಟಿರಲಿಲ್ಲ. ಆದರೆ ಆ ಜಗಳಕ್ಕೆ ಅದು ಹೊತ್ತಲ್ಲ. ಅರ್ಚಕರು ಸಿದ್ದಬಸಪ್ಪನವರ ಕೈಯಿಂದ ಕಾಯಿ ತೆಗೆದುಕೊಂಡು ಅವ್ವನಿಗೆ ಕೊಟ್ಟರು. ಮೇಲಿನಿಂದ ಎತ್ತಿ ಹಾಕಲಿಲ್ಲ, ಕೈಗೇ ಕೊಟ್ಟರು. ಬಾಗಿಲು ತೆಗೆದರು. ನನಗೆ ಅಳು ಉಕ್ಕಿ ಬಂತು.

ಅವ್ವ ಕೈ ಮುಗಿಯುತ್ತಾಳೆ ಅಂದುಕೊಂಡೆ. ಅವಳು ಕಾಯಿಯನ್ನು ಸೊಂಟಕ್ಕೆ ಒತ್ತಿಕೊಂಡು ದೇವರನ್ನೇ ದುರುಗುಟ್ಟಿ ನೋಡಿದಳು.

“ಸಿಟ್ ಬಂದ್ರೆ ಕೆಂಚಯ್ಯನ್ ಜೊತೆ ಆಚೀಕೆ ಬರ್ಬೇಕಿತ್ತು ಕಣಪ್ಪ. ಬಾಗ್ಲು ಹಾಕ್ಕಂಡು ನೀನು ಅವ್ರ್ ಜೊತೇಲೇ ಒಳಗ್ ಕುಂತ್ಯಲ್ಲ!”

ಉತ್ತರಕ್ಕೂ ಕಾಯದೆ ಕಾಯಿ ಒಡೆದಳು.