ಮೂರು ಬಾಗಿಲು ತಟ್ಟುವವರು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೇ. ಓದುವವರು ಕ್ಷಮಿಸಬೇಕು. ಇವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ ಎಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ಅವರು ಎಂದೂ ಒಂದೇ ಮನೆಯ ಬಾಗಿಲು ತಟ್ಟಿದವರಲ್ಲ. ಹೋಗಬೇಕಾದ ಮನೆ ಒಂದೇ ಆದರೂ ಅದರ ಎಡಗಡೆಯ ಮನೆಯನ್ನು ಮೊದಲು ತಟ್ಟುವರು, ಬಲಗಡೆಯದನ್ನು ಕೊನೆಗೆ. ಮೂರು ಕಡೆಯೂ ಅದೇ ಪ್ರಶ್ನೆ: "ನೀರು ಮುಚ್ಚಿಡ್ತೀರಾ? ಸೊಳ್ಳೆ ಕಾಟ ಇದೆಯಾ?" ಹೀಗಾಗಿ ಬೀದಿಯವರೆಲ್ಲ ಅವರನ್ನು ಸೊಳ್ಳೆ ಮೇಡಂ ಎಂದೇ ಕರೆಯುತ್ತಿದ್ದರು. ಅವರು ತಿರುವಿನಲ್ಲಿ ಕಾಣಿಸಿದರೆ ಸಾಕು, ಆಗ ನಾನಿದ್ದ ಮನೆಯ ಎಡಪಕ್ಕದ ಟೈಲರ್ ಒಳಗೆ ತಿರುಗಿ ಹೆಂಡತಿಗೆ ಕೂಗುತ್ತಿದ್ದ: "ಸೊಳ್ಳೆ ಮೇಡಂ ಬಂದ್ರು ಕಣೇ, ನಿಮ್ಮಣ್ಣಂಗೆ ಅಡಗಿಕೊಳ್ಳೋಕೆ ಹೇಳು. ಬಂದಾಗಿಂದ ಇಲ್ಲೇ ರಕ್ತ ಹೀರ್ತಾ ಕೂತಿದಾನೆ!"

ಅವರ ನಿಜವಾದ ಕೆಲಸ ಬೇರೆ. ದೈಹಿಕ ಸಂಬಂಧದಿಂದ ಹರಡುವ ಕಾಯಿಲೆಗೆ ಚಿಕಿತ್ಸೆ ಪಡೆಯಲು ಬಂದವರು, ತಮ್ಮೊಡನೆ ಕೂಡಿದವರ ವಿಳಾಸವನ್ನು ಆಸ್ಪತ್ರೆಯಲ್ಲಿ ಹೇಳಿದರೆ, ಅಂಥವರ ಮನೆಗೆ ಹೋಗಿ, ವಿಳಾಸ ಕೊಟ್ಟವರ ಹೆಸರೆತ್ತದೆ, ನಿಮಗೂ ಸೋಂಕು ತಗುಲಿರಬಹುದು, ಪರೀಕ್ಷೆಗೆ ಬನ್ನಿ ಎಂದು ತಿಳಿಸಿ ಬರುವುದು. ಅಕ್ಕಪಕ್ಕದವರಿಗೆ ಅನುಮಾನ ಬಾರದಿರಲೆಂದೇ ಆ ಮೂರು ಬಾಗಿಲು, ಆ ಸೊಳ್ಳೆ. ಮೊಣಕೈ ಬಳಿ ಸವೆದು ಹೊಳೆಯುವ ಬೂದು ಕೋಟು, ಅದರ ಎದೆಯ ಮೇಲೆ ಅಕ್ಷರಗಳು ಒಳಮುಖವಾಗುವಂತೆ ತಿರುಗಿಸಿಟ್ಟ ಗುರುತಿನ ಚೀಟಿ, ವಿಳಾಸ ಮರೆತವರಂತೆ ತಡವರಿಸುವ ನಡಿಗೆ. ಚಪ್ಪಲಿಯನ್ನು ತುದಿ ಬೀದಿಯ ಕಡೆಗಿರುವಂತೆ ಬಿಡುವರು. ಎಷ್ಟು ಹೇಳಿದರೂ ಕೂರರು. ಎಂಥ ದೊಡ್ಡ ಮಾತಾಡಿದರೂ ಕೊನೆಗೆ "ಅಷ್ಟೇ" ಎಂದು ಸೇರಿಸಿ ಅದನ್ನು ಚಿಕ್ಕದು ಮಾಡುವ ಅಭ್ಯಾಸ ಬೇರೆ.

ಅಕ್ಕ ಬಸುರಿಯಾದಾಗ ಕೈಯಾಸರೆಗೆಂದು ನಾನು ಅವಳ ಗಂಡನ ಮನೆಯಲ್ಲಿದ್ದೆ. ಸೊಳ್ಳೆ ಮೇಡಂ ಬಂದಾಗಲೆಲ್ಲ ಅಕ್ಕನ ಅತ್ತೆ ಬಾಗಿಲಿಗೆ ಅಡ್ಡ ನಿಂತು ತಾವೇ ಉತ್ತರ ಹೇಳಿ ಕಳಿಸುತ್ತಿದ್ದರು. ಟೈಲರನ ಮನೆಗೋ ನಮ್ಮ ಮನೆಗೋ ಬಂದದ್ದು ಎಂದು ನಾನೂ ಯೋಚಿಸಿದವಳಲ್ಲ. ಕೊನೆಗೊಮ್ಮೆ ಅವರು ಮಹಡಿಯ ಮೇಲಿನ ನೀರಿನ ಟ್ಯಾಂಕ್ ನೋಡಬೇಕೆಂದರು. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಬಟ್ಟೆ ಒಣಗಿಸಲು ಅಕ್ಕನೂ ನಾನೂ ಅದಾಗಲೇ ಮೇಲಿದ್ದೆವು.

ಮೇಡಂ ನನ್ನ ಕಡೆ ನೋಡಿದರು. "ನನ್ನ ತಂಗಿ, ಇರಲಿ ಬಿಡಿ" ಎಂದಳು ಅಕ್ಕ. ಅವರು ಟ್ಯಾಂಕಿನ ಮುಚ್ಚಳವನ್ನೊಮ್ಮೆ ಎತ್ತಿ ಇಳಿಸಿ, ತಗ್ಗಿದ ದನಿಯಲ್ಲಿ ಹೇಳಿದರು: "ನಿಮಗೊಂದು ಸೋಂಕು ತಗುಲಿರಬಹುದಮ್ಮ. ಹಾಗೇ ಬಿಟ್ಟರೆ ಹೊಟ್ಟೇಲಿರೋ ಮಗು ಉಳಿಯೋದು ಕಷ್ಟ. ಇಂಜೆಕ್ಷನ್ ಇದೆ, ವಾಸಿಯಾಗುತ್ತೆ. ಮೊದಲು ಒಂದು ರಕ್ತ ಪರೀಕ್ಷೆ, ಅಷ್ಟೇ."

"ಯಾರಿಂದ?"

"ಅದನ್ನ ನಾನು ಹೇಳೋ ಹಾಗಿಲ್ಲ."

ಅಕ್ಕ ಕೈಯಲ್ಲಿದ್ದ ಭಾವನ ಅಂಗಿಯನ್ನು ಜೋರಾಗಿ ಕೊಡವಿ ತಂತಿಗೆ ಹಾಕಿದಳು. "ನನಗಿರೋನು ಒಬ್ಬನೇ ಗಂಡ. ನೀವು ಹೇಳೋದಾದರೂ ಏನಿದೆ ಬಿಡಿ."

ಮರುದಿನವೇ ಪರೀಕ್ಷೆಗೆ ಹೋದೆವು. ಸಂಜೆ ಅಕ್ಕ ಭಾವನನ್ನು ಕೇಳಿದಳು. ಭಾವನ ದನಿ ಅಡುಗೆಮನೆಯವರೆಗೂ ಬಂತು: "ನನಗೇನೂ ಇಲ್ಲ! ನಿನ್ನನ್ನ ಹುಡುಕ್ಕೊಂಡು ಬಂದಿದಾರೆ ಅಂದ್ರೆ ರೋಗ ನಿನ್ನದೇ." ಆ ಮಾತು ಅತ್ತೆಯ ಕಿವಿಗೂ ಬಿತ್ತು.

ರಕ್ತದಲ್ಲಿ ಸೋಂಕಿರುವುದು ತಿಳಿದ ಮೇಲೆ ಇಂಜೆಕ್ಷನ್ನಿಗೆ ಕರೆಯಲು ಮೇಡಂ ಮತ್ತೆ ಬಂದರು. ಎಂದಿನಂತೆ ಮೊದಲು ಟೈಲರನ ಬಾಗಿಲು. ನಮ್ಮ ಬಾಗಿಲಿಗೆ ಬರುತ್ತಿದ್ದಂತೆ ಅತ್ತೆ ಅವರ ಮಣಿಕಟ್ಟು ಹಿಡಿದುಕೊಂಡರು.

"ಸೊಳ್ಳೆ ಹಿಡಿಯೋಕೆ ಬಂದ್ರಾ? ಬನ್ನಿ. ನನ್ನ ಮಗನಿಂದ ಇವಳಿಗೋ, ಇವಳಿಂದ ನನ್ನ ಮಗನಿಗೋ? ಅಷ್ಟು ಹೇಳಿ ಹೋಗಿ."

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

"ಹಾಗಾದ್ರೆ ಇವಳನ್ನೇ ಯಾಕೆ ಕೇಳ್ಕೊಂಡು ಬಂದ್ರಿ? ನನ್ನ ಮಗನ ಹೆಸರು ಯಾಕೆ ಬರಲಿಲ್ಲ?"

ಎರಡೂ ಪಕ್ಕದ ಬಾಗಿಲುಗಳು ತೆರೆದುಕೊಂಡವು. ಯಾರಿಗೆ ಕೇಳಿಸಬಾರದೆಂದು ಅಷ್ಟು ದಿನ ಸೊಳ್ಳೆಯ ಮಾತಾಡಿದ್ದರೋ ಅವರೇ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು. ಒಳಗೆ ಭಾವ ಪತ್ರಿಕೆ ಹಿಡಿದು ಕುಳಿತಿದ್ದರು; ಪುಟ ಮಗುಚಲಿಲ್ಲ. ಅಕ್ಕ ಮೇಡಂ ಮುಖವನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಅವರು ಕೈ ಬಿಡಿಸಿಕೊಂಡು, ಚಪ್ಪಲಿ ಮೆಟ್ಟಿ, ಬಲಮನೆಯ ಬಾಗಿಲಿಗೂ ಹೋಗಿ ನೀರು ಮುಚ್ಚಿಡುತ್ತೀರಾ ಎಂದು ಕೇಳಿದರು. ಯಾರೋ ಕಿಸಕ್ಕನೆ ನಕ್ಕರು.

ಅಂದೇ ಅಕ್ಕ ಬಟ್ಟೆಯ ಗಂಟು ಕಟ್ಟಿದಳು. ಕಟ್ಟು ಎಂದವರು ಅತ್ತೆ, ಬೇಡ ಎನ್ನದವರು ಭಾವ. ಈಗ ನಾವಿಬ್ಬರೂ ಅಮ್ಮನ ಒಂದೇ ಕೋಣೆಯ ಮನೆಯಲ್ಲಿದ್ದೇವೆ.

ಮೊದಲ ಇಂಜೆಕ್ಷನ್ ಸೊಂಟದ ಕೆಳಗೆ ಚುಚ್ಚಿದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಒಂದೇ ಮಗ್ಗುಲಿಗೆ ವಾಲಿ ಕುಳಿತವಳು ಇದ್ದಕ್ಕಿದ್ದಂತೆ ನಗತೊಡಗಿದಳು. "ನಿಮ್ಮ ಭಾವ ಹೀಗೇ ಕೂರ್ತಿದ್ರಲ್ಲೇ, ನೆನಪಿದೆಯಾ? ಇದೇ ಸೂಜಿ ಚುಚ್ಚಿಸ್ಕೊಂಡು ಬಂದು, ಬೈಕ್ ಸೀಟಿಂದ ಗುಳ್ಳೆ ಆಗಿದೆ ಅಂತಿದ್ರು. ನಾನು ಬಿಸಿನೀರಿನ ಶಾಖ ಕೊಟ್ಟಿದ್ದೆ ಕಣೇ!" ನಗುತ್ತಲೇ ಅವಳ ಕಣ್ಣು ತುಂಬಿತು. ಪಕ್ಕದಲ್ಲಿ ನಿಂತಿದ್ದ ಮೇಡಂ ಗೋಡೆ ನೋಡುತ್ತ ಹೇಳಿದರು: "ನಾನು ಒಂದು ಸಲ ಬಾಯಿ ಬಿಟ್ಟರೆ ಆಮೇಲೆ ಯಾವ ಗಂಡಸೂ ಹೆಂಡತಿ ವಿಳಾಸ ಕೊಡಲ್ಲಮ್ಮ. ಅಷ್ಟೇ."

"ನೀವು ಅವರ ಮಾನ ಕಾದ್ರಿ. ನನ್ನದನ್ನ ಕಾಯೋರು ಯಾರು?"

ಅವರ ಬಾಯಿಂದ "ಅಷ್ಟೇ" ಕೂಡ ಬರಲಿಲ್ಲ. ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ಮತ್ತಾವುದೋ ಬೀದಿಗೆ ಹೊರಟರು.

ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ಅವರು ಬಾರದೇ ಹೋಗಿದ್ದರೆ ಅಕ್ಕನಿಗೆ ಏನೂ ತಿಳಿಯುತ್ತಿರಲಿಲ್ಲ, ಮಗು ಹೊಟ್ಟೆಯಲ್ಲೇ ಹೋಗುತ್ತಿತ್ತು, ಅದಕ್ಕೂ ಅಕ್ಕನ ಕಾಲ್ಗುಣವನ್ನೇ ಬೈಯುತ್ತಿದ್ದರು. ಇಂಥವರು ಯಾರ ಗುಟ್ಟನ್ನಾದರೂ ಒಂದೇ ಸಮನಾಗಿ ಕಾಯುತ್ತಾರೆ. ಹಾಗೆ ಕಾಯುವುದರಿಂದಲೇ ಎಷ್ಟೋ ಜೀವ ಉಳಿಯುತ್ತವೆ. ಅವರ ಮೌನದ ನೆರಳಲ್ಲಿ ತಪ್ಪು ಮಾಡಿದವನೂ ತಣ್ಣಗೆ ಪತ್ರಿಕೆ ಹಿಡಿದು ಕೂರುತ್ತಾನೆ, ಬಿಸಿಲಿಗೆ ನಿಲ್ಲುವುದು ಮಾತ್ರ ಯಾವಾಗಲೂ ಹೆಂಗಸು. ಇದು ಅವರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಮುಂದಿನ ಬಾಗಿಲು ತಟ್ಟುತ್ತಾರೆ.

ನಾಳೆ ಅಕ್ಕನಿಗೆ ಕೊನೆಯ ಇಂಜೆಕ್ಷನ್. ನಾನು ಅವಳನ್ನು ಕರೆದುಕೊಂಡು ಹೋಗುತ್ತೇನೆ, ಸುತ್ತಾದರೂ ಆ ಬೀದಿಯಲ್ಲೇ, ಟೈಲರನ ಬಾಗಿಲ ಮುಂದೆಯೇ, ಎಲ್ಲರೂ ನೋಡಲಿ ಎಂದು.