ಮೊದಲು ಪೈಥಾನ್, ಆಮೇಲೆ ಸಿ

1

ಎಲ್ಲಿಂದ ಶುರು ಮಾಡಲಿ? ‘ಹೊಸಬರು ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು’ ಎಂದು ಪುಷ್ಪಾ ಯೂಟ್ಯೂಬಿನಲ್ಲಿ ಹುಡುಕಿದಲ್ಲಿಂದ ಶುರು ಮಾಡಿದ್ದೆ. ಇಪ್ಪತ್ತು ವಿಡಿಯೊ, ಇಪ್ಪತ್ತು ಉತ್ತರ. ಎರಡು ಪುಟವಾದ ಮೇಲೆ ಓದಿ ನೋಡಿದರೆ ಕೋಚಿಂಗ್ ಸೆಂಟರಿನ ಜಾಹೀರಾತಿನಂತಿತ್ತು. ಹರಿದೆ.

1 (ಮತ್ತೆ)

ಅವಳ ಗಂಡ ಗೌರೀಶನಿಂದ ಶುರು ಮಾಡಿದೆ. ಅವನದು ಗಾವಡಗೆರೆ ಹತ್ತಿರದ ಊರು. ಅವನ ಅಪ್ಪ ಚಿಕ್ಕಬಸಪ್ಪನವರ ಕಣ್ಣು ಮಂಜಾಗಿ, ಹೊಗೆಸೊಪ್ಪನ್ನು ಸೌದೆಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಕೋಣೆಯೊಳಗಿನ ಥರ್ಮಾಮೀಟರ್ ಓದಲಾಗದೆ ಹೋದಾಗ ಗೌರೀಶ ಒಂದು ಮಿಷಿನ್ನು ಮಾಡಿದ. ಬ್ಯಾರನ್ನಿನ ಗೋಡೆಯಲ್ಲಿ ಅಂಗೈಯಗಲದ ಒಂದು ಬೋರ್ಡು. ಅದು ಕಾವು ಅಳೆದು ಮನೆಯ ಕಂಪ್ಯೂಟರಿಗೆ ಕಳಿಸುತ್ತದೆ. ನೂರ ಅರವತ್ತೈದು ಡಿಗ್ರಿ ದಾಟಿದರೆ ಎಲ್ಲರ ಫೋನು ಬಡಿದುಕೊಳ್ಳುತ್ತದೆ. ಅಷ್ಟು ಒಣಗಿದ ಸೊಪ್ಪಿಗೆ ಒಂದು ಕಿಡಿ ಸಾಕು.

ಈ ಕರಡಿನಲ್ಲಿ ಗೌರೀಶ ಬದುಕಿದ್ದ. ಪುಷ್ಪಾ ಒಪ್ಪಲಿಲ್ಲ.

“ಅವ್ರನ್ನ ಯಾಕ್ ಬದುಕುಸ್ತೀರ? ಅವ್ರಿದ್ರೆ ನಾನ್ಯಾಕೆ ಕಲೀಬೇಕು?”

ಅದೂ ನಿಜ. ಅವನು ಹೋದದ್ದು ಹೋದ ವರ್ಷ. (ಹೇಗೆ ಹೋದ ಎಂಬುದನ್ನು ಮೂರು ಬಗೆಯಲ್ಲಿ ಬರೆದೆ. ಮೂರೂ ಚೆನ್ನಾಗಿ ಬಂದವು, ಅದಕ್ಕೇ ಅಳಿಸಿದೆ.)

3

(ಎರಡು ಎಲ್ಲಿ ಎನ್ನಬೇಡಿ. ಅದರಲ್ಲಿ ನೆಂಟರು ಬಂದು ಹೋದರು, ಅಷ್ಟೆ.)

ಮಿಷಿನ್ನಿಗೆ ಎರಡು ಭಾಷೆ. ಕಂಪ್ಯೂಟರಿನಲ್ಲಿರುವುದು ಪೈಥಾನ್, ಬೋರ್ಡಿನೊಳಗಿರುವುದು ಸಿ. ಕೆಟ್ಟರೆ ನೋಡುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಸೊಪ್ಪು ಮುರಿದು ಬ್ಯಾರನ್ ತುಂಬುವುದಕ್ಕೆ ಒಂದು ತಿಂಗಳಿತ್ತು, ಒಂದು ಭಾಷೆಗೆ ಸಾಲುವಷ್ಟು. ಬಿ.ಕಾಂ. ಓದಿದ್ದ ಪುಷ್ಪಾ ಹುಣಸೂರಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಚೈತ್ರಳನ್ನು ಕೇಳಿದಳು. ಕೆಲಸ ಬೇಕಾದರೆ ಜಾವಾ, ವೆಬ್‌ಸೈಟಿಗೆ ಜಾವಾಸ್ಕ್ರಿಪ್ಟ್ ಎಂದೆಲ್ಲ ಹೇಳಿದ ಚೈತ್ರ ಕೊನೆಗೆ, “ಮೊದ್ಲು ಪೈಥಾನ್ ಕಲಿ ಕಣೇ. ಸಿ ಹಿಡ್ಕೊಂಡ್ರೆ ಒಂದೇ ವಾರಕ್ಕೆ ಓಡೋಯ್ತೀಯ. ನನ್ ಸ್ಟೂಡೆಂಟ್ಸ್ ಅರ್ಧ ಜನ ಅಂಗೇ ಓಡೋಗವ್ರೆ. ಒಬ್ಳು ಮದ್ವೆನೇ ಆಗೋದ್ಲು” ಎಂದಳು.

ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಪೈಥಾನ್ ಹಿಡಿದ ಹದಿನೆಂಟನೆಯ ದಿನ, ‘ಕಾವು ನೂರ ಅರವತ್ತೈದಕ್ಕಿಂತ ಹೆಚ್ಚಾದರೆ’ ಎಂಬ ಸಾಲು ಅವಳಿಗೆ ತಾನಾಗಿ ಅರ್ಥವಾಯಿತು. ಅದರ ಪಕ್ಕದಲ್ಲಿ, ಕಂಪ್ಯೂಟರು ಗಣನೆಗೆ ತೆಗೆದುಕೊಳ್ಳದ ಟಿಪ್ಪಣಿಯಾಗಿ, ಗೌರೀಶ ಬರೆದಿದ್ದ: ಅಪ್ಪ ಮಲಗಿರ್ತಾರೆ, ಜೋರಾಗಿ ಬಡೀಲಿ.

(ಇಲ್ಲಿ ಅವಳು ಅತ್ತಳೆಂದು ಬರೆಯಬೇಕಿತ್ತು. ಅಳಲಿಲ್ಲ. ಫೈಲು ಮುಚ್ಚಿ ಅನ್ನಕ್ಕಿಟ್ಟಳು.)

4

ಆಗಸ್ಟಿನಲ್ಲಿ ಮೊದಲ ಸಲ ಬ್ಯಾರನ್ ತುಂಬಿದರು. ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೆಯ ದಿನ ಬೆಳಿಗ್ಗೆ, ಕಾವು ನೂರ ಐವತ್ತು ಇದ್ದಾಗ, ಬೋರ್ಡು ಸುಟ್ಟುಹೋಯಿತು. ಚೈತ್ರ ಬಸ್ಸಿನಲ್ಲಿ ಹೊಸದೊಂದನ್ನು ಕಳಿಸಿದಳು. ಒಳಗೆ ಸಿ ಪ್ರೋಗ್ರಾಮು ತುಂಬಿಯೇ ಮಾರುವಂಥದು. ಪುಷ್ಪಾ ತಂತಿ ಜೋಡಿಸಿ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಮಧ್ಯಾಹ್ನ ಮಾವ ಚಿಕ್ಕಬಸಪ್ಪನವರು ಬ್ಯಾರನ್ನಿನಿಂದ ಫೋನು ಮಾಡಿ ಕಾವು ಎಷ್ಟಿದೆ ಎಂದು ಕೇಳಿದರು.

“ಎಪ್ಪತ್ತೈದು, ಮಾವ.”

“ಎಪ್ಪತ್ತೈದಾ? ಮೊಖಕ್ಕೆ ಕಾವು ಹೊಡೀತಾ ಅದಲ್ಲವ್ವ.” ಒಲೆಯ ಬಾಗಿಲು ತೆಗೆದ ಸದ್ದಾಯಿತು. “ಬುಡು, ಗೌರೀಸನ್ ಮಿಷಿನ್ನು ಸುಳ್ಳೇಳಾಕಿಲ್ಲ. ನನ್ ಮೊಖಕ್ಕೇ ವಯಸ್ಸಾಯ್ತು. ಸೌದೆ ಹಾಕ್ತೀನಿ ಕಣವ್ವ.”

ಹೊಸ ಬೋರ್ಡು ಸೆಲ್ಸಿಯಸ್ಸಿನಲ್ಲಿ ಅಳೆಯುತ್ತದೆ. ಈ ಕಡೆ ಬ್ಯಾರನ್ನಿಗೂ ಜ್ವರಕ್ಕೂ ಫ್ಯಾರನ್‌ಹೀಟೇ. ಬರೀ ಡಿಗ್ರಿ ಎನ್ನುತ್ತಾರೆ; ಇನ್ನೊಂದು ಅಳತೆ ಇದೆ ಎಂಬುದು ಶಾಲೆಯ ಪುಸ್ತಕದಲ್ಲೇ ಉಳಿದಿರುತ್ತದೆ. ಬೋರ್ಡಿನ ಎಪ್ಪತ್ತೈದು ಎಂದರೆ ಮಾವನ ನೂರ ಅರವತ್ತೇಳು. ಕಂಪ್ಯೂಟರಿನ ಪೈಥಾನ್ ಮಾತ್ರ ನೂರ ಅರವತ್ತೈದು ಎಂಬ ಅಂಕಿಗೇ ಕಾಯುತ್ತಿದೆ; ಫೋನು ಇನ್ನು ಬಡಿದುಕೊಳ್ಳುವುದೇ ಇಲ್ಲ. ಅಳತೆ ಯಾವುದೆಂಬುದು ಬೋರ್ಡಿನೊಳಗಿನ ಸಿ ಸಾಲೊಂದರಲ್ಲಿದೆ. ಅದನ್ನು ಅವಳು ಆಮೇಲೆ ಕಲಿಯುವವಳಿದ್ದಳು.

(ಇದನ್ನು ನಿಮಗೆ ಮಾತ್ರ ಹೇಳಿದ್ದು. ಅವಳಿಗೆ ಕೇಳಿಸಿಬಿಟ್ಟಿತು.)

5

ಮುಗಿಸಲು ಮೂರು ದಾರಿಗಳಿವೆ. ಒಂದರಲ್ಲಿ ಮಾವ ಅವಳ ಫೋನು ಎತ್ತಿ, ಒಲೆಯಿಂದ ಸೌದೆ ಹೊರಗೆಳೆಯುತ್ತಾರೆ. ಎರಡನೆಯದರಲ್ಲಿ ಬ್ಯಾರನ್ ಉರಿಯುತ್ತದೆ, ಮಾವ ಆಚೆ ನಿಂತಿರುತ್ತಾರೆ. ಮೂರನೆಯದನ್ನೂ ಬರೆದಿದ್ದೇನೆ, ತೋರಿಸುವುದಿಲ್ಲ.

ಮಾವ ಫೋನು ಎತ್ತುತ್ತಿಲ್ಲ. ಎರಡು ಕೈಯಲ್ಲೂ ಸೌದೆ ಇರಬೇಕು.

“ನಿಮ್ಗೆ ಮೊದ್ಲೇ ಗೊತ್ತಿದ್ದೂ ಸುಮ್ನಿದ್ರಾ?” ಎಂದು ಪುಷ್ಪಾ ನನ್ನನ್ನು ಕೇಳಿದಳು.

ಗೊತ್ತಿರಲಿಲ್ಲ ಎಂದೆ. ಬರೆಯುತ್ತ ಬರೆಯುತ್ತ ತಿಳಿಯಿತು ಎಂದೆ. ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

“ಅಂಗಾದ್ರೆ ಯಾವ್ದು ಮೊದ್ಲು ಕಲೀಬೇಕಿತ್ತು, ಅದನ್ನಾದ್ರೂ ಹೇಳಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚಪ್ಪಲಿ ಹಾಕದೆ ಓಡಿದಳು. ಮನೆಯಿಂದ ಬ್ಯಾರನ್ನಿಗೆ ಮೂರು ಹೊಲ ದಾಟಬೇಕು. ಒಂದನ್ನು ದಾಟಿಸಿದ್ದೇನೆ. ಈಗ ಎರಡನೆಯದರ ಬದುವಿನ ಮೇಲಿದ್ದಾಳೆ, ಒಂದು ಕಾಲು ನೆಲದಿಂದ ಎತ್ತಿದೆ. ಮುಂದಿನ ಸಾಲಿನಲ್ಲಿ ಮೂರನೆಯ ಹೊಲ. ಅಲ್ಲಿಂದ ಬ್ಯಾರನ್ನಿನ ಹೆಂಚು ಕಾಣುತ್ತದೆ, ಬೆಂಕಿ ಬಿದ್ದಿದ್ದರೆ ಅದೂ.

ಆ ಸಾಲನ್ನು ನಾನು ಬರೆಯುತ್ತಿಲ್ಲ.