ಬಿಡಲೊಲ್ಲದ ಕೈ

ನಾನು ಹುಟ್ಟಿದ್ದೇ ಎಸೆಯಿಸಿಕೊಳ್ಳಲಿಕ್ಕೆ. ಕಾರ್ಖಾನೆಯಲ್ಲಿ ನನ್ನನ್ನು ಕತ್ತರಿಸಿ, ಹೊಲಿದು, ಮಡಚಿ ಮಡಚಿ ಚೀಲಕ್ಕೆ ತುರುಕಿದರು. ಪ್ಯಾರಾಗ್ಲೈಡರಿನ ತುರ್ತು ಪ್ಯಾರಾಚೂಟು ನಾನು. ಮೇಲಿನ ದೊಡ್ಡ ಬಟ್ಟೆಯ ರೆಕ್ಕೆ ಕೈಕೊಟ್ಟಾಗ ನನ್ನನ್ನು ಕಿತ್ತು ದೂರ ಎಸೆಯಬೇಕು. ನನ್ನ ಹಗ್ಗದ ತುದಿ ಹಾರುವವರ ಸೀಟಿಗೇ ಕಟ್ಟಿರುತ್ತದೆ, ಬಿಚ್ಚಿಕೊಂಡು ಅವರನ್ನು ಕೆಳಗಿಳಿಸುತ್ತೇನೆ. ಎಸೆಯದಿದ್ದರೆ ಇಬ್ಬರೂ ನೆಲಕ್ಕೆ ಅಪ್ಪಳಿಸುತ್ತೇವೆ, ಅಷ್ಟೇ.

ಗದಗದ ಕಡೆಯ ಬೋಳು ಗುಡ್ಡದ ಮೇಲೆ ಹಾರಾಟ ಕಲಿಸುವ ಇರ್ಫಾನ್ ನದಾಫರು ನನ್ನನ್ನು ಕೊಂಡರು. ನೀಲಗಂಗಾ ಎಂಬ ಶಿಷ್ಯೆಯ ಸೀಟಿನಡಿ ಸಿಕ್ಕಿಸಿದರು. ಆಕೆ ಕುಸ್ತಿಪಟು. ರೆಕ್ಕೆ ಎಬ್ಬಿಸುವುದು, ತಿರುಗುವುದು, ಇಳಿಯುವುದು ಎಲ್ಲ ಬೇಗ ಕಲಿತಳು. ನನ್ನನ್ನು ಎಸೆಯುವುದೊಂದೇ ಬರಲಿಲ್ಲ. ಸೀಟಿನ ಸಮೇತ ಆಕೆಯನ್ನು ಶೆಡ್ಡಿನ ತೊಲೆಗೆ ತೂಗುಹಾಕಿ ಅಭ್ಯಾಸ ಮಾಡಿಸಿದರೆ, ನನ್ನನ್ನು, ಕಿತ್ತು ಎದೆಗವಚಿಕೊಂಡು ಕೂರುತ್ತಿದ್ದಳು. ಸಿಕ್ಕಿದ್ದನ್ನು ಬಿಡಬಾರದೆಂದು ಗರಡಿಯಲ್ಲಿ ಕಲಿತ ಕೈ! ನನಗೋ ಮೈಯೆಲ್ಲ ಉರಿ. ಕೊನೆಗೊಮ್ಮೆ ಎಸೆದಳು, ನದಾಫರು ಆಕೆಯನ್ನು ಹಾರಬಿಡಲು ಒಪ್ಪಿದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ.

ಅಂದುಕೊಂಡಂತೆಯೇ ಆಯಿತು. ಹಾರಾಟದ ನಡುವೆ ಬಿಸಿಗಾಳಿಯ ಹೊಡೆತಕ್ಕೆ ರೆಕ್ಕೆಯ ಅರ್ಧ ಮುದುಡಿ, ಆಕೆಯನ್ನು ಗರಗರ ತಿರುಗಿಸಿತು. ಹಗ್ಗ ಕೆನ್ನೆಯನ್ನು ಕೊಯ್ದಿತು. ನನ್ನನ್ನು ಕಿತ್ತಳು. ಕಿತ್ತವಳು ಹಿಡಿದೇ ಇದ್ದಳು. ನೆಲ ನುಗ್ಗಿ ಬರುತ್ತಿತ್ತು.

ವಾಕಿಟಾಕಿಯಲ್ಲಿ ನದಾಫರ ದನಿ ಕೇಳಿಸಿತು. "ತಂಗಿ, ಒಗಿ ಅದನ್ನ. ಕೈ ಬಿಡು."

ಬಿಟ್ಟಳು. ಧಡ್ಡನೆ ಬಿಚ್ಚಿಕೊಂಡೆ, ಎರಡು ಹೊಲಿಗೆ ಹರಿದವು. ಆಕೆ ಎರೆಹೊಲಕ್ಕೆ ಬಿದ್ದಳು. ಕಾಲು ಲಟಕ್ಕನೆ ಮುರಿಯಿತು.

ಉಳಿಸಿದೆನೆಂದು ಬೀಗುವಷ್ಟರಲ್ಲಿ ನೆಲದ ಗಾಳಿ ನನ್ನೊಳಗೆ ತುಂಬಿತು. ನಿಲ್ಲುವುದು ನನಗೆ ಗೊತ್ತಿಲ್ಲ. ಮುರಿದ ಕಾಲಿನವಳನ್ನು ಜಾಲಿಮುಳ್ಳಿನ ಮೇಲೆ ದರದರ ಎಳೆದುಕೊಂಡು ಹೊರಟೆ. ಎದುರಿಗೆ ಕಲ್ಲು ಕ್ವಾರಿಯ ಆಳವಾದ ಗುಂಡಿ. ದೇವರಾಣೆ, ಕೊಲ್ಲುವ ಮನಸ್ಸಿರಲಿಲ್ಲ ನನಗೆ. ಈಗ ಹಿಡಿಯೇ, ಈಗ ಹಿಡಿ ಎಂದು ಬಾಯಿಲ್ಲದೆ ಒದ್ದಾಡಿದೆ.

ಹಿಡಿದಳು. ನನ್ನ ಒಂದೇ ಒಂದು ಹಗ್ಗಕ್ಕೆ ಕೈಮೇಲೆ ಕೈ ಹಾಕುತ್ತ ಜಗ್ಗಿದಳು. ಅಂಗೈ ಸೀಳಿ ರಕ್ತ ಸುರಿದರೂ ಬಿಡಲಿಲ್ಲ. ನನ್ನ ಅಂಚು ಮಗುಚಿತು, ಉಸಿರು ಹೋಯಿತು. ಮೇಲೆ ಬಿದ್ದು, ಮೊಣಕೈ ಊರಿ ಒತ್ತಿಹಿಡಿದಳು.

ಓಡಿ ಬಂದ ನದಾಫರು, ಗಾಳಿ ಹೋಯಿತು, ಇನ್ನು ಬಿಡು ಎಂದರು.

"ಇನ್ನಷ್ಟು ಹೊತ್ತು ಇರಲಿ ಸರ್," ಎಂದಳು. "ಇದನ್ನ ನಂಬಾಕ ಆಗೂದಿಲ್ಲ."

ಹರಿದ ನಾನು ಈಗ ಶೆಡ್ಡಿನ ಮೂಲೆಯಲ್ಲಿದ್ದೇನೆ. ಹೊಸಬರು ನನ್ನನ್ನು ಎಸೆದೆಸೆದು ಕಲಿಯುತ್ತಾರೆ. ಒಂದು ಜೀವ ಉಳಿಸಿದ್ದು ಇದೇ ಎಂದು ನದಾಫರು ಅವರಿಗೆ ಹೆಮ್ಮೆಯಿಂದ ತೋರಿಸುತ್ತಾರೆ. ನನಗೆ ನಾಚಿಕೆಯಾಗುತ್ತದೆ. ಆಕಾಶದಲ್ಲಿ ಆಕೆಯನ್ನು ನಾನು ಉಳಿಸಿದೆ, ನಿಜ. ನೆಲದ ಮೇಲೆ ಆಕೆ ಪಾರಾದದ್ದು ನನ್ನಿಂದಲೇ ತಪ್ಪಿಸಿಕೊಂಡು.